ಎಎ ಸಂಘದ ಮೊದಲ ಅನಾಮಿಕರನ್ನು ಗುರುತಿಸುವುದು ಹೇಗೆ?

ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ. 1939ರ ಏಪ್ರಿಲ್‌ನಲ್ಲಿ ಈ ಗುಂಪು ತನ್ನದೇ ಹೆಸರಿನ ಒಂದು ಪುಸ್ತಕ ತಂದಿತು. ಎಲ್ಲರೂ ಅದನ್ನು ಬಿಗ್ ಬುಕ್ ಎಂದೇ ಕರೆಯುತ್ತಾರೆ. ಪುಸ್ತಕದ ಹಿಂಭಾಗದಲ್ಲಿ ಕುಡಿತ ಬಿಟ್ಟವರು ಬರೆದ ಸ್ವಂತ ಕಥೆಗಳಿವೆ. ಮೊದಲ ಮುದ್ರಣದಲ್ಲಿ 29 ಇದ್ದವು. ಒಂದರಲ್ಲೂ ಬರೆದವರ ಹೆಸರಿಲ್ಲ. ಪುಸ್ತಕದ ಮುಂಭಾಗದ ಅಧ್ಯಾಯಗಳಲ್ಲೂ ಅಷ್ಟೇ: ‘ಒಬ್ಬ ಅಮೆರಿಕನ್ ವ್ಯಾಪಾರಿ’, ‘ಒಬ್ಬ ಪಾದ್ರಿಯ ಮಗ’, ‘ಊರಿನ ಒಬ್ಬ ವಕೀಲ’.

ಇವರೆಲ್ಲ ಯಾರು? ಈ ಪ್ರಶ್ನೆಯ ಬೆನ್ನು ಹತ್ತಿದವರು ಜಗತ್ತಿನಾದ್ಯಂತ ಇದ್ದಾರೆ. ಇತಿಹಾಸದ ವಿದ್ಯಾರ್ಥಿಗಳಿದ್ದಾರೆ, ಎಎ ಸದಸ್ಯರಿದ್ದಾರೆ, ‘ನಮ್ಮಜ್ಜ ಆ ಮೊದಲ ಗುಂಪಿನಲ್ಲಿದ್ದರಂತೆ’ ಎಂದು ಹುಡುಕುವ ಮೊಮ್ಮಕ್ಕಳೂ ಇದ್ದಾರೆ. ನಿಮಗೂ ಆ ಕುತೂಹಲ ಇದ್ದರೆ ಕೆಲಸ ಶುರು ಮಾಡುವ ಬಗೆ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೆಸರು ಹಿಡಿಯುವುದು ಅಷ್ಟು ಕಷ್ಟವಲ್ಲ. ತಾರೀಖು ಹಿಡಿಯುವುದು ಕಷ್ಟ. ತಾರೀಖು ಕೂಡಿಬರದ ಹೆಸರನ್ನು ನಂಬುವಂತಿಲ್ಲ.

1. ಹೆಸರು ಯಾಕೆ ಮುಚ್ಚಿಟ್ಟರು ಎಂದು ಮೊದಲು ತಿಳಿಯಿರಿ

ಈಗಿನ ಎಎ ಮೀಟಿಂಗ್ ನೋಡಿದವರಿಗೆ ಅನಾಮಿಕತೆ ಅಂದರೆ ಒಂದು ಆಧ್ಯಾತ್ಮಿಕ ನಿಯಮ. ಆದರೆ 1939ರ ಮುನ್ನುಡಿ ಓದಿ. ಕಾರಣ ತುಂಬಾ ಸರಳ. ನಾವು ಈಗ ಕೆಲವೇ ಜನ ಇದ್ದೇವೆ, ಪುಸ್ತಕ ನೋಡಿ ಸಹಾಯ ಕೇಳುವವರ ಹೊಳೆ ಹರಿದರೆ ನಿಭಾಯಿಸಲು ಆಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ವ್ಯಾಪಾರ, ಉದ್ಯೋಗದಲ್ಲಿರುವವರು, ಆಮೇಲೆ ಕೆಲಸ ಮಾಡಿಕೊಂಡು ಹೋಗುವುದೇ ಕಷ್ಟ. ಇಷ್ಟೇ.

ಆಮೇಲೆ ಈ ನಿಲುವು ಅತ್ತಿತ್ತ ಓಲಾಡಿತು. 1940ರಲ್ಲಿ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡದ ಕ್ಯಾಚರ್ ರೋಲಿ ಹೆಮ್ಸ್ಲಿ, ತಾನು ಎಎಯಿಂದ ಕುಡಿತ ಬಿಟ್ಟೆ ಎಂದು ಪತ್ರಿಕೆಗಳಿಗೇ ಹೇಳಿಬಿಟ್ಟ. ಮಾರ್ಟಿ ಮ್ಯಾನ್ ಎಂಬ ಹೆಂಗಸು 1944ರಲ್ಲಿ ಮದ್ಯವ್ಯಸನದ ಬಗ್ಗೆ ಜನಜಾಗೃತಿ ಸಂಸ್ಥೆ ಕಟ್ಟಿ, ತನ್ನ ಪೂರ್ತಿ ಹೆಸರಿನಲ್ಲೇ ಊರೂರು ಸುತ್ತಿ ಭಾಷಣ ಮಾಡಿದಳು. ಸ್ಥಾಪಕರಲ್ಲೊಬ್ಬನಾದ ಬಿಲ್ ವಿಲ್ಸನ್ ಕೂಡ ಒಂದಷ್ಟು ಕಾಲ ಪತ್ರಿಕೆಗಳಲ್ಲಿ ಕಾಣಿಸಿಕೊಂಡ. ಇದರಿಂದ ಆಗುವ ಹಾನಿ ಕಂಡ ಮೇಲೆ 1946ರಲ್ಲಿ ಹನ್ನೆರಡು ಟ್ರೆಡಿಷನ್‌ಗಳನ್ನು, ಅಂದರೆ ಸಂಘ ಹೇಗೆ ನಡೆಯಬೇಕು ಎಂಬ ರೀತಿನೀತಿಗಳನ್ನು, ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1950ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಸಮಾವೇಶ ಅವನ್ನು ಒಪ್ಪಿತು. ಹನ್ನೊಂದನೆಯ ಟ್ರೆಡಿಷನ್ ಪತ್ರಿಕೆ, ರೇಡಿಯೊ, ಸಿನಿಮಾಗಳ ಮಟ್ಟದಲ್ಲಿ ಹೆಸರು ಹೊರಗೆ ಬರಬಾರದು ಎನ್ನುತ್ತದೆ.

ಹುಡುಕುವವರಿಗೆ ಇದರಿಂದ ಏನು ಉಪಯೋಗ? ನಿಮ್ಮ ಕೈಗೆ ಸಿಕ್ಕ ಕಾಗದ 1939ರದ್ದೋ, 1941ರದ್ದೋ, 1952ರದ್ದೋ ನೋಡಿ. ಮೊದಲೆರಡು ಕಾಲದ ಕಾಗದಗಳಲ್ಲಿ ಪೂರ್ತಿ ಹೆಸರು ಸಿಗುವ ಸಾಧ್ಯತೆ ಜಾಸ್ತಿ. ಕೊನೆಯದರಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ.

ಸತ್ತವರ ವಿಷಯ? ಎಎ ತನ್ನ ಸದಸ್ಯರಿಗೆ ಕೊಡುವ ಕೈಪಿಡಿಯಲ್ಲಿ ಹೀಗಿದೆ: ಸತ್ತ ಮೇಲೂ ಹೆಸರು ಬಯಲು ಮಾಡುವುದು ಒಳ್ಳೆಯದಲ್ಲ ಎಂದೇ ಹೆಚ್ಚಿನವರ ಅಭಿಪ್ರಾಯ, ಆದರೆ ಕೊನೆಯ ತೀರ್ಮಾನ ಮನೆಯವರದ್ದು. ನೀವು ಎಎ ಸದಸ್ಯರಲ್ಲದಿದ್ದರೆ ಈ ನಿಯಮ ನಿಮ್ಮನ್ನು ಕಟ್ಟುವುದಿಲ್ಲ, ನಿಜ. ಆದರೂ ಅದನ್ನು ಪಾಲಿಸುವುದೇ ಸರಿ ಎಂದು ನನ್ನ ಅನಿಸಿಕೆ. ಈ ಲೇಖನದಲ್ಲಿ ಪೂರ್ತಿ ಹೆಸರು ಬರೆದಿರುವುದು ತಾವೇ ಬಹಿರಂಗವಾದವರದ್ದು, ಇಲ್ಲವೇ ಇತಿಹಾಸದ ಪುಟಗಳಲ್ಲಿ ಎಂದೋ ನೆಲೆನಿಂತವರದ್ದು ಮಾತ್ರ. ಉಳಿದವರಿಗೆ ಇನಿಷಿಯಲ್ ಸಾಕು.

2. ‘ಮೊದಲ ಸದಸ್ಯ’ ಅಂದರೆ ಯಾರು ಎಂದು ಬರೆದಿಟ್ಟುಕೊಳ್ಳಿ

ಇದು ಸುಮ್ನೆ ಮಾತಿನ ಕಸರತ್ತು ಅಲ್ಲ. 1935ರಿಂದ 1939ರವರೆಗೆ ಆಕ್ರನ್‌ನಲ್ಲಿ ಕುಡಿತ ಬಿಡುತ್ತಿದ್ದವರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಒಳಗೇ ಇದ್ದರು. ಅಲ್ಲಿ ಅವರಿಗೆ ‘ಆಲ್ಕೊಹಾಲಿಕ್ ಸ್ಕ್ವಾಡ್’ ಎಂಬ ಅಡ್ಡಹೆಸರು. ನ್ಯೂಯಾರ್ಕಿನ ಗುಂಪು 1937ರಲ್ಲಿ ಆ ಚಳವಳಿಯಿಂದ ಹೊರಬಂತು. ಆಕ್ರನ್‌ನವರು ಹೊರಬಂದದ್ದು 1939ರ ಕೊನೆಗೆ. ಎಎ ಎಂಬ ಹೆಸರಿನಲ್ಲೇ ಮೊದಲು ಮೀಟಿಂಗ್ ನಡೆಸಿದ್ದು ಕ್ಲೀವ್‌ಲ್ಯಾಂಡ್ ಗುಂಪು, 1939ರ ಮೇ ತಿಂಗಳಲ್ಲಿ. ಹಾಗಾದರೆ 1936ರಲ್ಲಿ ಕುಡಿತ ಬಿಟ್ಟವನು ಎಎ ಸದಸ್ಯನೋ, ಆಕ್ಸ್‌ಫರ್ಡ್ ಗ್ರೂಪಿನವನೋ? ಎರಡೂ ಉತ್ತರ ಸರಿ. ನೀವು ಯಾವುದನ್ನು ಹಿಡಿದಿದ್ದೀರಿ ಎಂದು ಹೇಳಬೇಕು, ಅಷ್ಟೇ.

ಗೆರೆ ಎಲ್ಲಿ ಎಳೆಯಬೇಕು ಎಂದರೆ 1941ರ ಮಾರ್ಚ್ 1 ಒಳ್ಳೆಯ ಜಾಗ. ಅವತ್ತು ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಎಎ ಬಗ್ಗೆ ದೊಡ್ಡ ಲೇಖನ ಬಂತು. ವರ್ಷದ ಶುರುವಿನಲ್ಲಿ 2,000ದ ಆಸುಪಾಸು ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು. ಅದಕ್ಕಿಂತ ಆಚೆಗೆ ಹೋದರೆ ಒಬ್ಬೊಬ್ಬರನ್ನೇ ಹುಡುಕುವ ಕೆಲಸ ಮುಗಿಯುವುದಿಲ್ಲ.

3. ಪುಸ್ತಕವನ್ನು ಪೊಲೀಸರ ಹಾಗೆ ಓದಿ

ಬಿಗ್ ಬುಕ್‌ನ ಮೊದಲ ಆವೃತ್ತಿಯ ಹಕ್ಕುಸ್ವಾಮ್ಯವನ್ನು ಅಮೆರಿಕದಲ್ಲಿ ಕಾಲಕ್ಕೆ ಸರಿಯಾಗಿ ನವೀಕರಿಸಲಿಲ್ಲ. ಹಾಗಾಗಿ ಅಲ್ಲಿ ಅದು ಈಗ ಎಲ್ಲರ ಸ್ವತ್ತು, ಪೂರ್ತಿ ಪಠ್ಯ ಸುಲಭವಾಗಿ ಸಿಗುತ್ತದೆ. 1955ರ ಎರಡನೆಯ ಆವೃತ್ತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸವೇ ಅರ್ಧ ಸುಳಿವು ಕೊಡುತ್ತದೆ.

ಒಂದು ಉದಾಹರಣೆ. 1939ರಲ್ಲಿ ‘ದಿ ಡಾಕ್ಟರ್ಸ್ ನೈಟ್‌ಮೇರ್’ ಎಂಬ ಕಥೆ ಇತ್ತು. 1955ರಲ್ಲಿ ಅದೇ ಕಥೆಯ ತಲೆಬರಹ ‘ಡಾಕ್ಟರ್ ಬಾಬ್ಸ್ ನೈಟ್‌ಮೇರ್’ ಆಯಿತು. ಯಾಕೆ? ಬರೆದ ಡಾಕ್ಟರ್ ರಾಬರ್ಟ್ ಸ್ಮಿತ್, ಅಂದರೆ ಎಎಯ ಇನ್ನೊಬ್ಬ ಸ್ಥಾಪಕ ಡಾಕ್ಟರ್ ಬಾಬ್, 1950ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಪುಸ್ತಕದ ಆರಂಭದಲ್ಲಿ ಒಬ್ಬ ವೈದ್ಯರ ಅಭಿಪ್ರಾಯ ಇದೆ. ಮೊದಲ ಆವೃತ್ತಿಯಲ್ಲಿ ಅವರ ಹೆಸರಿಲ್ಲ. ಎರಡನೆಯದರಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯ ಡಾಕ್ಟರ್ ವಿಲಿಯಂ ಸಿಲ್ಕ್‌ವರ್ತ್ ಎಂದು ಬಂತು.

ಇನ್ನು ಒಂದೇ ಪುಸ್ತಕದೊಳಗೆ ಎರಡು ಕಡೆ ಕಾಣಿಸಿಕೊಂಡವರು. ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಒಬ್ಬ ಪಾದ್ರಿಯ ಮಗ ಬರುತ್ತಾನೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ, ‘ದೇವರಿಲ್ಲ ಎನ್ನಲು ನೀನ್ಯಾರು?’ ಎಂಬ ಮಾತು ಅವನ ತಲೆಯೊಳಗೆ ಮೂಡುತ್ತದೆ. ಈಗ ಹಿಂದಿನ ಕಥೆಗಳ ಭಾಗಕ್ಕೆ ಹೋಗಿ ‘ಅವರ್ ಸದರ್ನ್ ಫ್ರೆಂಡ್’ ಓದಿ. ಅಲ್ಲೂ ತಂದೆ ಪಾದ್ರಿ, ಅಲ್ಲೂ ಅದೇ ಮಾತು. ಅಂದರೆ ಎರಡೂ ಒಬ್ಬನೇ, ಮೇರಿಲ್ಯಾಂಡ್‌ನ ಫಿಟ್ಜ್ ಎಂ. ಯಾವ ಕಡತವನ್ನೂ ತೆರೆಯದೆ, ಬರೀ ಓದಿನಿಂದ ಸಿಕ್ಕ ಜೋಡಿ ಇದು.

ಹನ್ನೊಂದನೆಯ ಅಧ್ಯಾಯದ ವಕೀಲನ ಕಥೆಯೂ ಹಾಗೆಯೇ. ಆರು ತಿಂಗಳಲ್ಲಿ ಎಂಟು ಸಲ ಆಸ್ಪತ್ರೆ ಸೇರಿದವನು, ಇಬ್ಬರು ನರ್ಸ್‌ಗಳಿಗೆ ಹೊಡೆದು ಮಂಚಕ್ಕೆ ಕಟ್ಟಿಸಿಕೊಂಡವನು. ಇಷ್ಟು ವಿವರ ಇದ್ದರೂ ಮೊದಲ ಆವೃತ್ತಿಯಲ್ಲಿ ಅವನ ಸ್ವಂತ ಕಥೆ ಇಲ್ಲ. 1955ರಲ್ಲಿ ‘ಆಲ್ಕೊಹಾಲಿಕ್ ಅನಾನಿಮಸ್ ನಂಬರ್ ತ್ರೀ’ ಎಂಬ ಕಥೆ ಸೇರಿತು. ಅವನೇ ಆಕ್ರನ್‌ನ ಬಿಲ್ ಡಿ., ಎಎಯ ಮೂರನೆಯ ಸದಸ್ಯ.

ಓದುವಾಗ ಪ್ರತಿ ಕಥೆಗೂ ಒಂದು ಹಾಳೆ ಇಡಿ. ಊರು, ವಯಸ್ಸು, ಕೆಲಸ, ಮದುವೆ, ಮಕ್ಕಳು, ಮೊದಲ ಮಹಾಯುದ್ಧಕ್ಕೆ ಹೋಗಿದ್ದನೇ, ಯಾವ ಆಸ್ಪತ್ರೆ, ಯಾರು ಬಂದು ಮಾತಾಡಿಸಿದರು, ಕೊನೆಯ ಕುಡಿತ ಯಾವಾಗ. ಕಥೆ ಹೇಳದ್ದನ್ನು ಖಾಲಿ ಬಿಡಿ. ಅಲ್ಲಿ ಊಹೆ ತುಂಬಿದರೆ ಆರು ತಿಂಗಳ ನಂತರ ಅದು ಊಹೆ ಎಂಬುದೇ ಮರೆತುಹೋಗುತ್ತದೆ.

ಇನ್ನೊಂದು ಎಚ್ಚರ: ಬರೆದವರು ಬೇಕೆಂತಲೇ ಹೆಸರು ಬದಲಿಸಿರಬಹುದು. 1953ರಲ್ಲಿ ಬಂದ ಸ್ಟೆಪ್ಸ್ ಮತ್ತು ಟ್ರೆಡಿಷನ್ಸ್ ಪುಸ್ತಕದಲ್ಲಿ ‘ಎಡ್’ ಎಂಬ ನಾಸ್ತಿಕ ಸೇಲ್ಸ್‌ಮನ್ ಬರುತ್ತಾನೆ. ದೇವರ ವಿರುದ್ಧ ಅವನ ಭಾಷಣ ಕೇಳಿ ಕೇಳಿ ಗುಂಪಿಗೆ ರೋಸಿಹೋಗಿರುತ್ತದೆ. ಎಡ್ ಹೆಸರಿನ ಸೇಲ್ಸ್‌ಮನ್‌ಗಳನ್ನು ಹುಡುಕಿಕೊಂಡು ಹೋದರೆ ಜನ್ಮವಿಡೀ ಸಿಗುವುದಿಲ್ಲ. ಎರಡು ವರ್ಷದ ನಂತರ ಬಿಗ್ ಬುಕ್‌ನ ಹೊಸ ಆವೃತ್ತಿಗೆ ಸೇರಿದ ‘ದಿ ವಿಷಿಯಸ್ ಸೈಕಲ್’ ಕಥೆಯಲ್ಲಿ ಜಿಮ್ ಬಿ. ತಾನೇ ಅದೇ ಜಗಳ, ಅದೇ ಪ್ರಯಾಣ ಹೇಳಿಕೊಂಡಿದ್ದಾನೆ. ಹೆಸರು ಹೊಂದಲಿಲ್ಲ, ಘಟನೆಗಳು ಹೊಂದಿದವು.

4. ಸರ್ಕಾರಿ ಕಾಗದಕ್ಕೆ ಇಳಿಯಿರಿ

ಈಗ ನಿಮ್ಮ ಹಾಳೆಯಲ್ಲಿ ಒಂದೆರಡು ಹೆಸರು ಬಂದಿವೆ ಎಂದುಕೊಳ್ಳಿ. ಅವು ನಿಜವಾದ ಮನುಷ್ಯರೇ, ಆ ಊರಿನಲ್ಲಿ ಆ ವರ್ಷ ಇದ್ದರೇ ಎಂದು ನೋಡಬೇಕು. ಈ ವಿಷಯದಲ್ಲಿ ಅಮೆರಿಕದ ದಾಖಲೆಗಳು ಹೊಟ್ಟೆಕಿಚ್ಚು ಬರುವಷ್ಟು ಚೆನ್ನಾಗಿವೆ.

ಜನಗಣತಿಯ ಮನೆ ಮನೆಯ ಹಾಳೆಗಳು ಅಲ್ಲಿ 72 ವರ್ಷದ ನಂತರ ಎಲ್ಲರಿಗೂ ತೆರೆದುಕೊಳ್ಳುತ್ತವೆ. 1940ರದ್ದು 2012ರಲ್ಲಿ, 1950ರದ್ದು 2022ರಲ್ಲಿ ತೆರೆಯಿತು. ನಮಗೆ ಚಿನ್ನ ಅಂದರೆ 1940ರದ್ದು. ಆ ವರ್ಷ ಒಂದು ಹೊಸ ಪ್ರಶ್ನೆ ಸೇರಿಸಿದ್ದರು: ‘1935ರ ಏಪ್ರಿಲ್ 1ರಂದು ನೀವು ಎಲ್ಲಿ ವಾಸವಿದ್ದಿರಿ?’ ಎಎ ಹುಟ್ಟಿದ್ದು ಅದೇ ವರ್ಷದ ಬೇಸಿಗೆಯಲ್ಲಿ! ಯಾರೋ ಈ ಸಂಶೋಧನೆಗೆಂದೇ ಆ ಪ್ರಶ್ನೆ ಬರೆದರೇನೋ ಅನಿಸುತ್ತದೆ. ಎಷ್ಟು ಓದಿದ್ದಾರೆ, ಹಿಂದಿನ ವರ್ಷ ಎಷ್ಟು ವಾರ ಕೆಲಸವಿತ್ತು, ಸಂಬಳ ಎಷ್ಟು ಎಂಬುದೂ ಅದರಲ್ಲಿದೆ. ಕುಡಿತದಿಂದ ಕೆಲಸ ಕಳೆದುಕೊಂಡ ಮನುಷ್ಯನ ಕಥೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಕಾಲಂ ಇಲ್ಲ.

ಇನ್ನೊಂದು ಸೈನ್ಯದ ನೋಂದಣಿ ಕಾರ್ಡು. 1942ರ ಏಪ್ರಿಲ್‌ನಲ್ಲಿ 45ರಿಂದ 64 ವಯಸ್ಸಿನ ಗಂಡಸರೆಲ್ಲ ಹೆಸರು ಬರೆಸಬೇಕಾಯಿತು. ಇದನ್ನು ‘ಮುದುಕರ ಡ್ರಾಫ್ಟ್’ ಎಂದು ತಮಾಷೆ ಮಾಡುತ್ತಾರೆ. ಎಎಯ ಮೊದಲ ತಲೆಮಾರಿನ ಹಲವರು ಆ ವಯಸ್ಸಿನವರೇ. 1879ರಲ್ಲಿ ಹುಟ್ಟಿದ ಡಾಕ್ಟರ್ ಬಾಬ್, 1895ರಲ್ಲಿ ಹುಟ್ಟಿದ ಬಿಲ್ ವಿಲ್ಸನ್ ಇಬ್ಬರೂ ಆ ಗೆರೆಯೊಳಗೆ ಬರುತ್ತಾರೆ. ಕಾರ್ಡಿನಲ್ಲಿ ಮನೆ ವಿಳಾಸ, ಕೆಲಸ ಕೊಟ್ಟವರ ಹೆಸರು, ಸಹಿ ಇರುತ್ತವೆ. ಸಹಿ ಮುಖ್ಯ. ಹಳೆಯ ಪತ್ರವೊಂದು ಸಿಕ್ಕರೆ ಅಕ್ಷರ ಹೋಲಿಸಿ ನೋಡಬಹುದು. ದಕ್ಷಿಣದ ಕೆಲವು ರಾಜ್ಯಗಳ ಕಾರ್ಡುಗಳು ನಾಶವಾಗಿವೆ, ಅಲ್ಲಿಯವರನ್ನು ಹುಡುಕುವಾಗ ಬೇರೆ ದಾರಿ ನೋಡಬೇಕು.

ಊರಿನ ಡೈರೆಕ್ಟರಿಗಳನ್ನು ಮರೆಯಬೇಡಿ. ವರ್ಷ ವರ್ಷವೂ ಅಚ್ಚಾಗುತ್ತಿದ್ದ ಇವುಗಳಲ್ಲಿ ಹೆಸರು, ಕೆಲಸ, ಮನೆ, ಹೆಂಡತಿಯ ಹೆಸರು ಇರುತ್ತಿತ್ತು. 1932ರಿಂದ 1940ರವರೆಗಿನ ಆಕ್ರನ್ ಡೈರೆಕ್ಟರಿಗಳನ್ನು ಸಾಲಾಗಿ ನೋಡಿದರೆ ಒಬ್ಬನ ಇಳಿತ ಮತ್ತು ಏರಿಕೆ ಎರಡೂ ಕಾಣುತ್ತವೆ. ಮೊದಲು ಕಂಪನಿಯ ಮ್ಯಾನೇಜರ್, ಆಮೇಲೆ ಸೇಲ್ಸ್‌ಮನ್, ಆಮೇಲೆ ಹೆಸರೇ ಇಲ್ಲ, ಮೂರು ವರ್ಷದ ನಂತರ ಮತ್ತೆ ಪ್ರತ್ಯಕ್ಷ.

ಹೆಸರಿನ ಸ್ಪೆಲ್ಲಿಂಗ್ ನಂಬಬೇಡಿ. ಗಣತಿಯವರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ವಯಸ್ಸು ಹತ್ತು ವರ್ಷದಲ್ಲಿ ಎಂಟೇ ಹೆಚ್ಚುತ್ತದೆ. ಬಿಲ್ ಎಂಬವನು ದಾಖಲೆಯಲ್ಲಿ ವಿಲಿಯಂ ಆಗಿರುತ್ತಾನೆ, ಹ್ಯಾಂಕ್ ಎಂಬವನು ಹೆನ್ರಿ. ಕರೆಯುವ ಹೆಸರೊಂದು, ರೇಷನ್ ಕಾರ್ಡಿನ ಹೆಸರೊಂದು ನಮ್ಮಲ್ಲೂ ಇದೆಯಲ್ವಾ.

5. ತಾರೀಖನ್ನು ಪರೀಕ್ಷಿಸಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ನಾನು ಯಾವಾಗಲೂ ಎರಡು ಪ್ರಸಂಗ ಹೇಳುತ್ತೇನೆ.

ಮೊದಲನೆಯದು ಎರಡನೆಯ ಅಧ್ಯಾಯದ ‘ಒಬ್ಬ ಅಮೆರಿಕನ್ ವ್ಯಾಪಾರಿ’. ಹಣ, ಬುದ್ಧಿ ಎಲ್ಲ ಇದ್ದವನು. ಒಂದಾದ ಮೇಲೊಂದು ಚಿಕಿತ್ಸೆ ಮಾಡಿಸಿಕೊಂಡು, ಕೊನೆಗೆ ಯುರೋಪಿಗೆ ಹೋಗಿ ಮನೋವೈದ್ಯ ಕಾರ್ಲ್ ಯೂಂಗ್ ಬಳಿ ಸೇರುತ್ತಾನೆ. ಗುಣವಾಯಿತು ಎಂದುಕೊಂಡು ಹೊರಟವನು ಮತ್ತೆ ಕುಡಿಯುತ್ತಾನೆ. ವಾಪಸ್ ಹೋದಾಗ ಯೂಂಗ್, ನಿನ್ನಂಥವನಿಗೆ ಧಾರ್ಮಿಕ ಅನುಭವ ಬಿಟ್ಟರೆ ಬೇರೆ ದಾರಿ ಇಲ್ಲ ಎನ್ನುತ್ತಾರೆ. ಎಎಯ ಮೂಲ ಕಥೆಯಲ್ಲಿ ಇದು ಮೊದಲ ಕೊಂಡಿ.

1961ರ ಜನವರಿ 23ರಂದು ಬಿಲ್ ವಿಲ್ಸನ್ ಯೂಂಗ್‌ಗೆ ಪತ್ರ ಬರೆದ. ರೋಲಂಡ್ ಎಚ್. ನಿಮ್ಮ ಬಳಿ ಬಂದದ್ದು 1931ರ ಸುಮಾರು, ಒಂದು ವರ್ಷ ಇದ್ದನೇನೋ ಎಂದ. ಯೂಂಗ್ ಜನವರಿ 30ರಂದೇ ಉತ್ತರಿಸಿದರು, ಅವನನ್ನು ನೆನಪಿದೆ ಎಂದರು. 1963ರಲ್ಲಿ ಎರಡೂ ಪತ್ರ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ರೋಲಂಡ್ ಎಚ್. ಅಂದರೆ ರೋಡ್ ಐಲ್ಯಾಂಡ್‌ನ ಬಟ್ಟೆ ಗಿರಣಿ ಮನೆತನದ ರೋಲಂಡ್ ಹ್ಯಾಜರ್ಡ್ ಎಂಬುದು ಆಮೇಲೆ ಗೊತ್ತಾಯಿತು. ಹೆಸರು ಸಿಕ್ಕಿತು, ಚಿಕಿತ್ಸೆ ಕೊಟ್ಟವರೇ ಒಪ್ಪಿದರು. ಇನ್ನೇನು ಬೇಕು?

ಆದರೆ 1931ರಲ್ಲಿ ಒಂದು ವರ್ಷ ಅವನು ಸ್ವಿಟ್ಜರ್ಲೆಂಡಿನಲ್ಲಿ ಇದ್ದದ್ದಕ್ಕೆ ಜಾಗವೇ ಸಿಗಲಿಲ್ಲ. ಆ ವರ್ಷದ ಅವನ ಓಡಾಟ, ವ್ಯವಹಾರದ ಕಾಗದಗಳು ಬೇರೆ ಮಾತು ಹೇಳುತ್ತಿದ್ದವು. ಮನೆತನದ ಪತ್ರಗಳು ರೋಡ್ ಐಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದ್ದವು. ಸಂಶೋಧಕರು ಅಲ್ಲಿ ಕೂತು ಓದಿದರು. ಹ್ಯಾಜರ್ಡ್ ಯೂಂಗ್ ಬಳಿ ಇದ್ದದ್ದು 1926ರಲ್ಲಿ ಎಂದು ಹೊರಬಿತ್ತು. ಐದು ವರ್ಷದ ವ್ಯತ್ಯಾಸ! 1926ರಲ್ಲಿ ಯೂಂಗ್ ಮಾತು ಕೇಳಿದವನು ಆಕ್ಸ್‌ಫರ್ಡ್ ಗ್ರೂಪ್ ಸೇರುವ ಮುನ್ನ ವರ್ಷಗಟ್ಟಲೆ ಕುಡಿದಿದ್ದಾನೆ ಎಂದಾಯಿತು. ಡಾಕ್ಟರ್ ಹೇಳಿದರು, ಇವನು ಕೇಳಿದ, ಬದಲಾದ ಎಂಬ ನೇರ ಕಥೆ ಅಲ್ಲಿಗೆ ಮುರಿಯಿತು. ಮನುಷ್ಯ ಅವನೇ, ಅರ್ಥ ಮಾತ್ರ ಬೇರೆ.

ಈ ಹ್ಯಾಜರ್ಡ್ ಎಎ ಸೇರಿದ್ದಕ್ಕೆ ದಾಖಲೆ ಇಲ್ಲ ಎಂಬುದನ್ನೂ ಗಮನಿಸಿ. 1934ರ ಬೇಸಿಗೆಯಲ್ಲಿ ವರ್ಮಾಂಟ್‌ನಲ್ಲಿ ಎಬ್ಬಿ ಥ್ಯಾಚರ್ ಎಂಬ ಕುಡುಕ ಜೈಲು ಸೇರುವುದನ್ನು ತಪ್ಪಿಸಿದವರಲ್ಲಿ ಇವನೂ ಒಬ್ಬ. ಆ ಎಬ್ಬಿ ನವೆಂಬರ್‌ನಲ್ಲಿ ಬ್ರೂಕ್ಲಿನ್‌ನಲ್ಲಿದ್ದ ಬಿಲ್ ವಿಲ್ಸನ್ ಮನೆಗೆ ಹೋದ. ಕೊಂಡಿ ಇದೆ, ಸದಸ್ಯತ್ವ ಇಲ್ಲ. ಎರಡನೆಯ ಹೆಜ್ಜೆಯಲ್ಲಿ ಗೆರೆ ಎಳೆಯಲು ಹೇಳಿದ್ದು ಇದಕ್ಕೇ.

ಎರಡನೆಯ ಪ್ರಸಂಗ ಎಎಯ ಹುಟ್ಟುಹಬ್ಬದ್ದೇ. 1935ರ ಜೂನ್ 10 ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದ ದಿನ, ಅದೇ ಎಎ ಹುಟ್ಟಿದ ದಿನ ಎಂದು ಜಗತ್ತೆಲ್ಲ ಆಚರಿಸುತ್ತದೆ. ಕಥೆ ಹೀಗಿದೆ: ಬಾಬ್ ವೈದ್ಯರ ಸಮಾವೇಶಕ್ಕೆ ಅಟ್ಲಾಂಟಿಕ್ ಸಿಟಿಗೆ ಹೋದರು, ದಾರಿಯಲ್ಲೇ ಕುಡಿತ ಶುರುವಾಯಿತು, ಕೆಲವು ದಿನ ಬಿಟ್ಟು ವಾಪಸಾದರು, ಒಂದು ಆಪರೇಷನ್ ಇದ್ದ ಬೆಳಿಗ್ಗೆ ಕೈ ನಡುಗದಿರಲಿ ಎಂದು ಬಿಲ್ ಒಂದು ಬಾಟಲಿ ಬಿಯರ್ ಕೊಟ್ಟ, ಅದೇ ಕೊನೆ. ಸರಿ, ಆ ಸಮಾವೇಶ ಯಾವಾಗ ನಡೆದದ್ದು? ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ದಾಖಲೆ ನೋಡಿದರೆ 1935ರ ಜೂನ್ 10ರಿಂದ 14. ಸಮಾವೇಶ ಶುರುವಾದ ದಿನವೇ ಅದನ್ನು ಮುಗಿಸಿ, ಕುಡಿದು, ಚೇತರಿಸಿಕೊಂಡು ಮನೆಯಲ್ಲಿರಲು ಆಗುವುದಿಲ್ಲ. ಹಾಗಾಗಿ ಜೂನ್ 17ರ ಸುಮಾರು ಎಂದು ಅನೇಕ ಸಂಶೋಧಕರು ಲೆಕ್ಕ ಹಾಕುತ್ತಾರೆ. ಆಚರಣೆ ಜೂನ್ 10ಕ್ಕೇ ಉಳಿದಿದೆ. ಉಳಿಯಲಿ, ಅದರಲ್ಲಿ ಯಾರಿಗೂ ನಷ್ಟವಿಲ್ಲ. ನಿಮ್ಮ ಹಾಳೆಯಲ್ಲಿ ಮಾತ್ರ ಎರಡೂ ಇರಬೇಕು.

ಕುಡಿತ ಬಿಟ್ಟ ದಿನ ಅಂದರೆ ಎಎಯಲ್ಲಿ ಎರಡನೆಯ ಹುಟ್ಟಿದ ದಿನ. ಅದನ್ನು ಯಾರೂ ಸುಳ್ಳು ಹೇಳುವುದಿಲ್ಲ ಎಂದು ನಮಗೆ ಅನಿಸುತ್ತದೆ. ಸುಳ್ಳಲ್ಲ ನಿಜ, ನೆನಪು. ಆ ದಿನಗಳಲ್ಲಿ ಅವರ ತಲೆ ಯಾವ ಸ್ಥಿತಿಯಲ್ಲಿತ್ತು ಎಂದು ಯೋಚಿಸಿ. ಕ್ಯಾಲೆಂಡರ್ ನೋಡುವ ಹಾಗಿರಲಿಲ್ಲ. ಹೊರಗಿನ ಘಟನೆಯೊಂದಕ್ಕೆ, ಅಂದರೆ ಸಮಾವೇಶ, ಕೋರ್ಟು, ಆಸ್ಪತ್ರೆ, ಹಡಗಿನ ಪ್ರಯಾಣ ಹೀಗೆ ಯಾವುದಕ್ಕಾದರೂ ಗಂಟು ಹಾಕಿದಾಗಲೇ ತಾರೀಖು ನಿಲ್ಲುತ್ತದೆ.

6. ಸಾಕ್ಷಿ ಎಷ್ಟು, ನಕಲು ಎಷ್ಟು?

ಅಂತರ್ಜಾಲದಲ್ಲಿ ಹುಡುಕಿದರೆ 29 ಕಥೆಗಳಿಗೂ ಹೆಸರು ಹಚ್ಚಿದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಹತ್ತು ಕಡೆ ಒಂದೇ ಹೆಸರು ಕಂಡರೆ ಖುಷಿಯಾಗುತ್ತದೆ. ಆದರೆ ಹತ್ತೂ ಒಂದೇ ಹಳೆಯ ಪಟ್ಟಿಯ ನಕಲು ಆಗಿದ್ದರೆ ಅದು ಒಂದೇ ಸಾಕ್ಷಿ. ಮೂಲ ಪಟ್ಟಿ ಯಾರದ್ದು, ಯಾವ ವರ್ಷದ್ದು, ಬರೆದವರು ಆ ವ್ಯಕ್ತಿಯನ್ನು ಕಂಡಿದ್ದರೇ? ಈ ಮೂರಕ್ಕೆ ಉತ್ತರ ಸಿಗದ ಪಟ್ಟಿಯನ್ನು ಸುಳಿವು ಎಂದು ಬಳಸಿ, ಸಾಕ್ಷಿ ಎಂದಲ್ಲ.

ಪ್ರತಿ ಹೆಸರಿನ ಮುಂದೆ ‘ಖಚಿತ’, ‘ಬಹುಶಃ’, ‘ಹೀಗೆ ಹೇಳುತ್ತಾರೆ’ ಎಂದು ಗುರುತು ಹಾಕಿ. ಮೂರನೆಯದಕ್ಕೆ ಒಂದು ಮಜವಾದ ಉದಾಹರಣೆ ‘ಲೋನ್ ಎಂಡೆವರ್’. ಕ್ಯಾಲಿಫೋರ್ನಿಯಾದ ಒಬ್ಬ ಮನುಷ್ಯ ಯಾರ ಭೇಟಿಯೂ ಇಲ್ಲದೆ, ಪುಸ್ತಕದ ಕರಡು ಪ್ರತಿ ಓದಿಯೇ ಕುಡಿತ ಬಿಟ್ಟನಂತೆ. ಖುಷಿಯಿಂದ ನ್ಯೂಯಾರ್ಕಿನವರು ಅವನನ್ನು ಕರೆಸಿಕೊಂಡರಂತೆ. ಬಸ್ಸಿನಿಂದ ಇಳಿದಾಗ ಅವನು ಫುಲ್ ಟೈಟ್! ಕಥೆ ಮೊದಲ ಮುದ್ರಣದಲ್ಲಿದೆ, ಎರಡನೆಯ ಮುದ್ರಣದಲ್ಲಿ ಇಲ್ಲ. ಇದು ಖಚಿತ. ಬಸ್ಸಿನ ಪ್ರಸಂಗ ‘ಹೀಗೆ ಹೇಳುತ್ತಾರೆ’.

ಒಂದೇ ಇನಿಷಿಯಲ್‌ನ ಗೊಂದಲವೂ ಇದೆ. ಬಿಲ್, ಬಾಬ್, ಜಿಮ್, ಚಾರ್ಲಿ ಎಂಬವರು ಊರಿಗೆ ಹತ್ತು. ಹಾಗಾಗಿ ‘ಬಿಲ್ ಡಿ.’ ಎಂದಷ್ಟೇ ಬರೆಯಬೇಡಿ. ‘ಬಿಲ್ ಡಿ., ಆಕ್ರನ್, 1935’ ಎಂದು ಬರೆಯಿರಿ.

7. ಪಟ್ಟಿಯಿಂದ ಬಿದ್ದುಹೋದವರನ್ನು ಹುಡುಕಿ

ಸಂಘದ ಇತಿಹಾಸ ಬರೆದವರು ಕುಡಿತ ಬಿಟ್ಟು ಉಳಿದವರು. ಮತ್ತೆ ಕುಡಿದವರು ಮೆಲ್ಲಗೆ ಪುಟದಿಂದ ಜಾರಿದರು. ಹ್ಯಾಂಕ್ ಪಿ. ನ್ಯೂಯಾರ್ಕ್ ಗುಂಪಿನಲ್ಲಿ ಬಿಲ್ ವಿಲ್ಸನ್‌ನ ಬಲಗೈ. ಪುಸ್ತಕ ಪ್ರಕಟಿಸುವ ಕಂಪನಿ ಹೂಡಿದ್ದರಲ್ಲಿ ಅವನ ಪಾಲು ದೊಡ್ಡದು. ಮಾಲೀಕರಿಗಾಗಿ ಬರೆದ ಅಧ್ಯಾಯ ಅವನದ್ದೇ ಎಂದು ಹೆಚ್ಚಿನ ಸಂಶೋಧಕರು ಒಪ್ಪುತ್ತಾರೆ. ಪುಸ್ತಕ ಬಂದ ವರ್ಷವೇ ಅವನು ಮತ್ತೆ ಕುಡಿದ. 1955ರ ಆವೃತ್ತಿಯಲ್ಲಿ ಅವನ ‘ದಿ ಅನ್‌ಬಿಲೀವರ್’ ಕಥೆ ಇಲ್ಲ.

ಆಕ್ರನ್‌ನ ಎಡ್ಡಿ ಆರ್. ವಿಷಯ ಇನ್ನೂ ವಿಚಿತ್ರ. ಬಿಲ್ ಡಿ.ಗಿಂತ ಮೊದಲು ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಇಬ್ಬರೂ ಸೇರಿ ಕುಡಿತ ಬಿಡಿಸಲು ಒದ್ದಾಡಿದ್ದು ಇವನಿಗಾಗಿ. ಆಗಲಿಲ್ಲ. ಆಗಿದ್ದರೆ ಮೂರನೆಯ ಸದಸ್ಯ ಅವನೇ. ಹದಿನೈದು ವರ್ಷದ ನಂತರ ಡಾಕ್ಟರ್ ಬಾಬ್ ಅವರ ಅಂತ್ಯಕ್ರಿಯೆಗೆ ಅವನು ಬಂದಿದ್ದ, ಕುಡಿತ ಬಿಟ್ಟವನಾಗಿ.

ಹೆಂಗಸರನ್ನು ಹುಡುಕುವುದು ಇನ್ನೂ ಕಷ್ಟ. 1939ರ ಪುಸ್ತಕದಲ್ಲಿ ಕುಡಿತ ಬಿಟ್ಟ ಹೆಂಗಸಿನ ಕಥೆ ಒಂದೇ, ‘ಎ ಫೆಮಿನೈನ್ ವಿಕ್ಟರಿ’. ಬರೆದವಳು ಫ್ಲಾರೆನ್ಸ್ ಆರ್. ಡೈರೆಕ್ಟರಿಗಳಲ್ಲಿ ಹೆಂಗಸರು ಗಂಡನ ಹೆಸರಿನ ಪಕ್ಕದ ಕಂಸದಲ್ಲಿರುತ್ತಾರೆ. ಮದುವೆಯಾದರೆ ಇನಿಷಿಯಲ್ ಬದಲು, ವಿಚ್ಛೇದನವಾದರೆ ಮತ್ತೆ ಬದಲು. ಒಬ್ಬಳೇ ಹೆಂಗಸು ಮೂರು ಇನಿಷಿಯಲ್‌ನಲ್ಲಿ ಸಿಗಬಹುದು. ಮದುವೆ ನೋಂದಣಿಯಿಂದ ಶುರು ಮಾಡಿ.

8. ಆರ್ಕೈವ್ಸ್ ಮತ್ತು ಮನೆಯವರು

ಎಎಯ ಮುಖ್ಯ ದಾಖಲೆ ಸಂಗ್ರಹ ನ್ಯೂಯಾರ್ಕಿನ ಅವರ ಕಚೇರಿಯಲ್ಲಿದೆ. ಅದನ್ನು ಕಟ್ಟಿ ನಿಲ್ಲಿಸಿದ್ದು ಬಿಲ್ ವಿಲ್ಸನ್‌ಗೆ ಕಾರ್ಯದರ್ಶಿಯಾಗಿದ್ದ ನೆಲ್ ವಿಂಗ್, 1970ರ ದಶಕದಲ್ಲಿ. ಅಲ್ಲಿ ನೋಡಲು ಮೊದಲೇ ಬರೆದು ಅನುಮತಿ ಪಡೆಯಬೇಕು. ಸದಸ್ಯರ ಅನಾಮಿಕತೆ ಕಾಪಾಡುತ್ತೇನೆ ಎಂದು ಒಪ್ಪಿಕೊಳ್ಳಬೇಕು, ತೀರಿಹೋದವರದ್ದೂ ಸೇರಿ. ಬಿಲ್ ವಿಲ್ಸನ್ ಮತ್ತು ಅವನ ಹೆಂಡತಿ ಲೋಯಿಸ್ ಇದ್ದ ಸ್ಟೆಪಿಂಗ್ ಸ್ಟೋನ್ಸ್ ಮನೆಯಲ್ಲಿ ಬೇರೆ ಸಂಗ್ರಹ ಇದೆ. ಬ್ರೌನ್ ವಿಶ್ವವಿದ್ಯಾಲಯದ ಜಾನ್ ಹೇ ಗ್ರಂಥಾಲಯದಲ್ಲಿ ಮದ್ಯವ್ಯಸನದ ಇತಿಹಾಸಕ್ಕೇ ಮೀಸಲಾದ ದೊಡ್ಡ ಸಂಗ್ರಹವಿದೆ. ರಾಕ್‌ಫೆಲ್ಲರ್ 1938ರಿಂದ ಈ ಗುಂಪಿಗೆ ಸ್ವಲ್ಪ ಹಣ ಕೊಟ್ಟಿದ್ದರಿಂದ, ಆ ಮನೆತನದ ದಾಖಲೆ ಕೇಂದ್ರದಲ್ಲೂ ಕಾಗದಗಳಿವೆ. ಪತ್ರ ಬರೆಯುವಾಗ ‘ಮೊದಲ ಸದಸ್ಯರ ಬಗ್ಗೆ ಏನಿದೆ?’ ಎಂದು ಕೇಳಬೇಡಿ. ಒಂದು ಊರು, ಒಂದು ವರ್ಷ, ಒಂದು ಪ್ರಶ್ನೆ.

ಮೊಮ್ಮಕ್ಕಳನ್ನು ಸಂಪರ್ಕಿಸುವುದು ಕೊನೆಗೆ, ಉಳಿದದ್ದೆಲ್ಲ ಮುಗಿದ ಮೇಲೆ. ಅಜ್ಜ ಕುಡುಕನಾಗಿದ್ದ ಎಂಬುದೇ ಅವರಿಗೆ ಗೊತ್ತಿಲ್ಲದಿರಬಹುದು. ಹಾಗಾಗಿ ಮೊದಲ ಪತ್ರದಲ್ಲಿ ಎಎ ಹೆಸರೂ ಬೇಡ. 1930ರ ದಶಕದ ಆಕ್ರನ್ ಇತಿಹಾಸ ಓದುತ್ತಿದ್ದೇನೆ, ನಿಮ್ಮ ಮನೆತನದ ಬಗ್ಗೆ ಕೇಳಬಹುದೇ ಎಂದರೆ ಸಾಕು. ಅವರು ತಾವಾಗಿ ಆ ಮಾತು ತೆಗೆದರೆ ಮುಂದುವರಿಯಿರಿ. ಬೇಡ ಅಂದರೆ ಇನಿಷಿಯಲ್ ಇನಿಷಿಯಲ್ಲಾಗಿಯೇ ಉಳಿಯಲಿ. ನಿಮ್ಮ ಹಾಳೆಯಲ್ಲಿ ಉತ್ತರ ಇದೆ, ಪ್ರಕಟವಾಗುವುದರಲ್ಲಿ ಇಲ್ಲ, ಅಷ್ಟೇ.

9. ಇದನ್ನೇ ನಮ್ಮಲ್ಲಿ ಮಾಡುವುದಾದರೆ

ಭಾರತದಲ್ಲಿ ಎಎ ಬೇರೂರಿದ್ದು 1957ರಲ್ಲಿ. ದೆಹಲಿಯಲ್ಲಿದ್ದ ಕೆನಡಾದ ಚಾರ್ಲಿ ಎಂ. ಮತ್ತು ಬಾಂಬೆಯ ಹೆರಾಲ್ಡ್ ಎಂ. ಅವರಿಂದ. ಈಗ ಬೆಂಗಳೂರಿನಲ್ಲಿ ಕನ್ನಡದಲ್ಲೇ ಮೀಟಿಂಗ್ ನಡೆಯುತ್ತವೆ. ನಿಮ್ಮೂರಿನ ಗುಂಪಿನ ಇತಿಹಾಸ ಬರೆಯಬೇಕು ಎನಿಸಿದರೆ ಮೇಲಿನ ನಾಲ್ಕನೆಯ ಹೆಜ್ಜೆ ಇಲ್ಲಿ ನಡೆಯುವುದಿಲ್ಲ. 1948ರ ಜನಗಣತಿ ಕಾಯ್ದೆಯಡಿ ನಮ್ಮ ಮನೆ ಮನೆಯ ಹಾಳೆಗಳನ್ನು ಯಾರೂ ನೋಡುವಂತಿಲ್ಲ. ಎಷ್ಟು ವರ್ಷ ಕಾದರೂ ಅಷ್ಟೇ.

ಹೆಸರಿನ ವಿಷಯದಲ್ಲೂ ತೊಡಕಿದೆ. ಅಮೆರಿಕದ ಪದ್ಧತಿಯಲ್ಲಿ ಮೊದಲ ಹೆಸರು ಪೂರ್ತಿ, ಮನೆಹೆಸರಿಗೆ ಇನಿಷಿಯಲ್. ನಮ್ಮಲ್ಲಿ ಇನಿಷಿಯಲ್ ಅಂದರೆ ಊರು, ಅಪ್ಪನ ಹೆಸರು. ಸಣ್ಣ ಊರಿನಲ್ಲಿ ಹೆಸರು, ಇನಿಷಿಯಲ್, ಕೆಲಸ ಈ ಮೂರು ಬರೆದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಯಾರೆಂದು ಹೇಳುತ್ತಾರೆ. ಇಲ್ಲಿ ಇನಿಷಿಯಲ್‌ನಿಂದ ಮುಚ್ಚಿದಂತಾಗುವುದಿಲ್ಲ. ಬೇರೆ ಹೆಸರೇ ಇಡಬೇಕು, ಕೆಲಸವನ್ನೂ ಸ್ವಲ್ಪ ಮಸುಕು ಮಾಡಬೇಕು, ಹಾಗೆ ಮಾಡಿದ್ದೇನೆ ಎಂದು ಓದುಗರಿಗೆ ಹೇಳಬೇಕು.

ಹಾಗಾಗಿ ಇಲ್ಲಿ ಹಿರಿಯ ಸದಸ್ಯರ ಮಾತೇ ಮುಖ್ಯ ದಾಖಲೆ. ಮೀಟಿಂಗ್ ಒಳಗೆ ರೆಕಾರ್ಡಿಂಗ್ ಬೇಡವೇ ಬೇಡ. ಅವರು ಒಪ್ಪಿದರೆ ಬೇರೆ ದಿನ, ಅವರು ಹೇಳಿದ ಜಾಗಕ್ಕೆ ಹೋಗಿ. ‘ಯಾವಾಗ ಬಿಟ್ಟಿರಿ?’ ಎಂದು ನೇರವಾಗಿ ತಾರೀಖು ಕೇಳಬೇಡಿ. ಆಗ ಮಕ್ಕಳು ಎಷ್ಟನೇ ಕ್ಲಾಸು, ಯಾವ ಎಲೆಕ್ಷನ್ ನಡೆದಿತ್ತು, ಮೊದಲ ಮೀಟಿಂಗ್ ಯಾವ ಚರ್ಚಿನ ಅಥವಾ ಸ್ಕೂಲಿನ ಕೋಣೆಯಲ್ಲಿ ಎಂದು ಕೇಳಿ. ಬರೆದುಕೊಂಡದ್ದನ್ನು ಓದಿ ತೋರಿಸಿ. ತಮ್ಮ ಮಾತನ್ನು ಯಾವ ವರ್ಷದ ನಂತರ ಬೇರೆಯವರು ಓದಬಹುದು ಎಂದು ಅವರ ಕೈಯಲ್ಲೇ ಹಾಳೆಯ ಮೇಲೆ ಬರೆಸಿಕೊಂಡು, ಅದನ್ನು ಬರಹದ ಜೊತೆಗೇ ಪಿನ್ ಮಾಡಿಡಿ.